ಎಡ ಮುಂಗೈ

ಅಂಗಿಯ ತೋಳು ಮಡಚಿಕೊಳ್ಳದೆ ಯಾರಾದರೂ ಪಾತ್ರೆ ತೊಳೆಯುತ್ತಾರೆಯೇ? ಈ ಒಂದು ಸಣ್ಣ ಪ್ರಶ್ನೆ ಆ ಬೆಳಿಗ್ಗೆ ಅವನ ತಲೆಗೆ ಬಾರದೇ ಹೋಗಿದ್ದರೆ ದಿನ ಎಂದಿನಂತೆ ಕಳೆದುಹೋಗುತ್ತಿತ್ತು. ಹೆಂಡತಿ ಸಿಂಕಿನ ಮುಂದೆ ನಿಂತಿದ್ದಳು. ಬಲತೋಳು ಮೊಣಕೈವರೆಗೆ ಮಡಚಿತ್ತು, ಎಡತೋಳು ಮಣಿಕಟ್ಟಿನವರೆಗೆ ಇಳಿಬಿದ್ದು ನೀರು ಕುಡಿದು ಕೈಗೆ ಮೆತ್ತಿಕೊಂಡಿತ್ತು. ಒದ್ದೆ ಬಟ್ಟೆ ಚರ್ಮಕ್ಕೆ ಅಂಟಿಕೊಂಡಿರುವುದನ್ನು ನೋಡಿದರೇ ಅವನಿಗೆ ಆಗಿಬರುವುದಿಲ್ಲ, ಅದು ಬೇರೆಯವರ ಚರ್ಮವಾದರೂ ಸರಿ. ಮೇಲೆ ಮಾಡಿಕೊಳ್ಳಬಾರದೇ ಎಂದ. ಇರಲಿ ಬಿಡಿ ಎಂದಳು. ಕಾಫಿ ಲೋಟ ಕೆಳಗಿಟ್ಟು ಎದ್ದುಹೋಗಿ, ಎರಡೇ ಬೆರಳಿನಲ್ಲಿ ಆ ತೋಳಿನ ಅಂಚು ಹಿಡಿದು ತಾನೇ ಮೇಲಕ್ಕೆ ಸರಿಸಿದ. ಒಳಗಡೆ, ಮುಂಗೈಯ ಮೆತ್ತನೆಯ ಭಾಗದಲ್ಲಿ, ನಾಲ್ಕು ಬೆರಳು ಉದ್ದ ನಾಲ್ಕು ಬೆರಳು ಅಗಲ, ಅಳತೆಪಟ್ಟಿ ಇಟ್ಟು ಗೆರೆ ಎಳೆದ ಹಾಗೆ ಒಂದು ಚೌಕ ಕೆಂಪಗೆ ಊದಿಕೊಂಡಿತ್ತು. ಚೌಕದ ತುಂಬ ಸಣ್ಣ ಸಣ್ಣ ಗುಳ್ಳೆ, ಕೆಲವು ಒಡೆದು ಹಳದಿ ನೀರು ಜಿನುಗುತ್ತಿತ್ತು. ಅದರ ಮೇಲೆ ದಪ್ಪಗೆ ಬಳಿದಿದ್ದ ಬಿಳಿ ಕ್ರೀಮು ಆ ನೀರಿನೊಂದಿಗೆ ಕಲೆತು ಒಡೆದ ಹಾಲಿನಂತೆ ಗಂಟುಗಂಟಾಗಿತ್ತು. ಒದ್ದೆ ಬಟ್ಟೆಯನ್ನು ನಾಲ್ಕು ದಿನ ಮುಚ್ಚಿಟ್ಟು ತೆಗೆದರೆ ಬರುತ್ತದಲ್ಲ, ಆ ವಾಸನೆ. ಅವನು ಅಂಚು ಬಿಟ್ಟುಬಿಟ್ಟ. ಬಟ್ಟೆ ಪಚಕ್ಕೆಂದು ಮತ್ತೆ ಅದರ ಮೇಲೆ ಬಿತ್ತು.

"ಹದಿನಾರು ದಿನ ಆಯ್ತು ರೀ," ಎಂದಳು ಅವಳು, ತಟ್ಟೆಯನ್ನು ನೋಡುತ್ತಲೇ. "ನಿಮ್ಗೆ ಅಸಹ್ಯ ಆಗುತ್ತೆ ಅಂತ ಮುಚ್ಕೊಂಡಿದ್ದೆ."

ಡಾಕ್ಟರ ಹತ್ತಿರ ಹೋಗಿಯೂ ಬಂದಿದ್ದಳಂತೆ, ಮೊನ್ನೆ. ಏನಾದರೂ ಹಚ್ಚುತ್ತೀರಾ ಎಂದು ಕೇಳಿದರಂತೆ. ಇಲ್ಲ ಎಂದಳಂತೆ. ಗಂಡ ಕೆಲಸ ಮಾಡುವ ಕಂಪನಿಯ ಹೆಸರು ಅಲ್ಲೆಲ್ಲ ಯಾಕೆ ಬರಬೇಕು ಎಂದು. ಹಾಗಾದರೆ ಪಾತ್ರೆ ಸೋಪಿನದೇ ಇರಬೇಕು ಎಂದು ಅವರು ಒಂದು ಚೀಟಿ ಬರೆದುಕೊಟ್ಟಿದ್ದರು. ಚೀಟಿ ಬೀರುವಿನಲ್ಲಿತ್ತು. ಮಾತ್ರೆ ನುಂಗಿದರೂ ಕಡಿಮೆಯಾಗಲಿಲ್ಲವೆಂದು ಅವಳು ತನ್ನದೇ ಉಪಾಯ ಮಾಡಿದ್ದಳು: ದಿನಕ್ಕೆರಡು ಸಲ ಹಚ್ಚುತ್ತಿದ್ದ ಕ್ರೀಮನ್ನು ಮೂರು ಸಲಕ್ಕೆ ಏರಿಸಿದ್ದಳು. "ಅದ್ರಿಂದಾನೇ ಇಷ್ಟಕ್ಕೆ ನಿಂತಿದೆ" ಎಂದು ಅವಳು ಪೂರ್ತಿ ನಂಬಿಕೆಯಿಂದ ಹೇಳಿದಳು. ಇವತ್ತು ಹಚ್ಚಬೇಡ ಎಂದ. "ನೀವು ಹೇಳಿದ ಇಪ್ಪತ್ತೆಂಟು ದಿನ ಇವತ್ತಿಗೆ ಮುಗಿಯುತ್ತೆ ಅಲ್ವಾ, ಇವತ್ತೊಂದಿನ ಯಾಕೆ ಬಿಡೋದು," ಎಂದಳು. ಅದಕ್ಕೆ ಉತ್ತರ ಇತ್ತು. ಹೇಳಲು ಬಾಯಿ ಬರಲಿಲ್ಲ. ಹೇಡಿಗಳಿಗೆ ಒಂದು ಅನುಕೂಲ ಇರುತ್ತದೆ, ಬಸ್ಸಿಗೆ ಹೊತ್ತಾಗಿರುತ್ತದೆ. ಅವನಿಗೂ ಹೊತ್ತಾಗಿತ್ತು. ಬಟ್ಟೆ ಮುಟ್ಟಿದ ಎರಡು ಬೆರಳನ್ನು ಮೂರು ಸಲ ಸೋಪು ಹಾಕಿ ತೊಳೆದು, ಚೀಲ ತಗಲಿಸಿಕೊಂಡು ಹೊರಟುಬಿಟ್ಟ. ಚೀಲದಲ್ಲಿ ಒಂದು ದಾಖಲೆ ಪುಸ್ತಕವಿತ್ತು. ಅದರಲ್ಲಿ ಒಂದರ ಕೆಳಗೊಂದು ಇಪ್ಪತ್ತೆಂಟು ಸಾಲು. ಇಪ್ಪತ್ತೆಂಟನೆಯದನ್ನು ಅವನು ನಿನ್ನೆ ಸಂಜೆಯೇ ಬರೆದು ಮುಗಿಸಿದ್ದ: ಎಡ ಮುಂಗೈ, ಬದಲಾವಣೆ ಇಲ್ಲ.

ಬಸ್ಸಿನಲ್ಲಿ ಸೀಟು ಸಿಕ್ಕಿತು. ಮುಂದಿನ ಕಂಬಿ ಯಾರದೋ ಅಂಗೈ ಬೆವರಿನಿಂದ ಮಿರುಗುತ್ತಿತ್ತು, ಹಿಡಿಯಲಿಲ್ಲ. ಹೀಗೆ ಮುಟ್ಟಲು ಹೇಸುವವನು ಮೈಗೆ ಹಚ್ಚುವ ಕ್ರೀಮಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾನೆಂದರೆ ಯಾರಾದರೂ ನಗಬೇಕು. ಅದೂ ಎಂಥ ಕೆಲಸ. ಇದು ಚರ್ಮಕ್ಕೆ ಸುರಕ್ಷಿತ ಎಂದು ಕಡತಕ್ಕೆ ಸಹಿ ಹಾಕುವ ಕೆಲಸ. ಕಾರ್ಖಾನೆಯಲ್ಲಿ ಅವನನ್ನು ಸಹಿ ಸಾಹೇಬರು ಎಂದೇ ಕರೆಯುತ್ತಿದ್ದರು. ಮೊದಮೊದಲು ಗೌರವಕ್ಕೆ, ಆಮೇಲೆ ಅಭ್ಯಾಸಕ್ಕೆ. ಸಹಿಗೆ ಮೊದಲು ಒಂದು ಪದ್ಧತಿ ಇತ್ತು. ಯಾವ ಕಾನೂನಿನಲ್ಲೂ ಇಲ್ಲದ್ದು, ಕಾರ್ಖಾನೆ ಕಟ್ಟಿದ ದೊಡ್ಡ ಯಜಮಾನರು ಮಾಡಿಟ್ಟದ್ದು. ನಾನು ಮಾರುವುದನ್ನು ಮೊದಲು ನಾನು ಹಚ್ಚಿಕೊಳ್ಳುತ್ತೇನೆ ಎಂದು ಅವರು ಪ್ರತಿ ಹೊಸ ಕ್ರೀಮನ್ನೂ ಇಪ್ಪತ್ತೆಂಟು ದಿನ, ಬೆಳಿಗ್ಗೆ ಸಂಜೆ, ಎಡ ಮುಂಗೈಯ ಒಳಭಾಗಕ್ಕೆ ನಾಲ್ಕು ಬೆರಳಿನ ಚೌಕದಲ್ಲಿ ಹಚ್ಚಿಕೊಂಡು, ಕೊನೆಯ ದಿನ ಹನ್ನೊಂದು ಗಂಟೆಗೆ ಎಲ್ಲರೆದುರು ತೋಳು ಮಡಚಿ ತೋರಿಸುತ್ತಿದ್ದರು. ಅವರು ಹಾಸಿಗೆ ಹಿಡಿದ ಮೇಲೆ ಆ ಮುಂಗೈ ಸಹಿ ಹಾಕುವವನ ಪಾಲಿಗೆ ಬಂತು. ಕಡತದ ಮೊದಲ ಪುಟದಲ್ಲಿ ಆ ಕೈಯ ಫೋಟೋ ಇರಬೇಕು. ಹನ್ನೊಂದು ವರ್ಷ, ಮೂವತ್ತು ಕ್ರೀಮು, ಮೂವತ್ತು ಫೋಟೋ. ಎಲ್ಲದರಲ್ಲೂ ಇವನ ಕೈ. ಒಂದರಲ್ಲೂ ಒಂದು ಚುಕ್ಕೆ ಇಲ್ಲ. ಇರುವುದಾದರೂ ಹೇಗೆ? ಆ ಕೈಗೆ ಒಂದು ದಿನವೂ ಏನನ್ನೂ ಹಚ್ಚಿರಲಿಲ್ಲ.

ಚಿಕ್ಕವನಿದ್ದಾಗ ದೊಡ್ಡಮ್ಮ ಅವನನ್ನು ಬಾಗಿಲ ಸಂದಿಯಲ್ಲಿ ಹೊಂಚುಹಾಕಿ ಹಿಡಿಯುತ್ತಿದ್ದಳು. ಮನೆಗೆ ಯಾರಾದರೂ ಬರುತ್ತಾರೆಂದರೆ ಸಾಕು, ಅವನ ಒಡೆದ ಕೆನ್ನೆಗೆ ಡಬ್ಬಿಯ ತಳದಲ್ಲಿದ್ದ ಜಿಡ್ಡನ್ನು ಬೆರಳಿನಿಂದ ಕೆರೆದು ಮೆತ್ತುವಳು. ಆ ಡಬ್ಬಿಯಲ್ಲಿ ಅವಳ ಕೂದಲು ಇರುತ್ತಿತ್ತು. ಅವಳದೇ ಹಿಮ್ಮಡಿಗೆ ಹಚ್ಚಿದ ಬೆರಳು ಅವನ ತುಟಿಯ ಮೇಲೂ ಆಡುತ್ತಿತ್ತು. ನಕ್ಕೊಂಡು ನಮಸ್ಕಾರ ಮಾಡು ಅನ್ನುವಳು. ಅವನು ನಕ್ಕುಕೊಂಡು ಮಾಡುತ್ತಿದ್ದ, ಕೆನ್ನೆಯ ಮೇಲೆ ನೊಣ ಕೂತ ಹಾಗೆ. ಮದುವೆಯಾದ ವಾರದಲ್ಲಿ ಒಂದು ಮಧ್ಯಾಹ್ನ, ಅವನು ಪೇಪರು ಓದುತ್ತ ಕೂತಿದ್ದಾಗ, ಹೆಂಡತಿ ಹಿಂದಿನಿಂದ ಬಂದು ಅವನ ಕತ್ತಿನ ಮೇಲೆ ಅಂಗೈ ಇಟ್ಟಳು. ಆಗತಾನೇ ಏನೋ ಹಚ್ಚಿಕೊಂಡಿದ್ದ ತಣ್ಣನೆಯ ಅಂಗೈ. ಅವನು ಎದ್ದು ಬಚ್ಚಲಿಗೆ ಓಡಿದ. ಬಚ್ಚಲ ಬಾಗಿಲು ತೆಳುವಾದದ್ದು, ವಾಂತಿಯ ಸದ್ದು ಅವಳಿಗೆ ಪೂರ್ತಿ ಕೇಳಿಸಿರಬೇಕು. ಹೊರಗೆ ಬಂದಾಗ ಅವಳು ಸೆರಗಿನಿಂದಲೋ ಟವಲಿನಿಂದಲೋ ಕೈ ಉಜ್ಜಿಕೊಳ್ಳುತ್ತ ನಿಂತಿದ್ದಳು, ಚರ್ಮ ಕಿತ್ತುಬರುವ ಹಾಗೆ. ಆಮೇಲೆ ಅವಳು ಮೈಗೆ ಏನನ್ನೂ ಹಚ್ಚಿಕೊಳ್ಳಲಿಲ್ಲ. ಅವನ ಕತ್ತನ್ನೂ ಮುಟ್ಟಲಿಲ್ಲ. ಮೂರು ತಿಂಗಳ ನಂತರ, ಸಹಿಯ ಮೊದಲ ಕ್ರೀಮನ್ನು ಕಾರ್ಖಾನೆಯ ಬಚ್ಚಲಲ್ಲಿ ಹಚ್ಚಲು ಹೋಗಿ ಅಲ್ಲೂ ವಾಂತಿ ಮಾಡಿಕೊಂಡು, ಆ ಡಬ್ಬಿಯನ್ನು ಮನೆಗೆ ತಂದು ಮೇಜಿನ ಮೇಲಿಟ್ಟ. ನಂಗೇನಾ, ಎಂದು ಕೇಳಿದ್ದಳು. ಆ ಮುಖ ಈಗ ಬಸ್ಸಿನ ಕಿಟಕಿಯಲ್ಲೂ ಕಾಣುತ್ತಿತ್ತು, ಥೂ. ಹೌದು, ಎಡ ಮುಂಗೈಗೆ ಚೌಕವಾಗಿ ಇಪ್ಪತ್ತೆಂಟು ದಿನ ಹಚ್ಚಿಕೋ ಎಂದಿದ್ದ. ಎಡಗೈಗೆ ಮಾತ್ರ ಯಾಕೆ ಎಂದಾಗ, ಎಲ್ಲಿಂದ ಬಂತೋ ಆ ಮಾತು, ಬಲಗೈ ಮನೆಕೆಲಸದ್ದು, ಎಡಗೈ ನಿನ್ನದು, ಎಂದುಬಿಟ್ಟಿದ್ದ. ಅಷ್ಟು ಚೆಂದದ ಮಾತನ್ನು ಅವನು ಅದಕ್ಕೆ ಮೊದಲೂ ಆಡಿರಲಿಲ್ಲ, ಆಮೇಲೂ ಆಡಲಿಲ್ಲ. ಅವಳು ಅದನ್ನು ತನ್ನ ತಂಗಿಗೆಲ್ಲ ಹೇಳಿಕೊಂಡು ತಿರುಗಿದಳು. ಶುರುವಿನಲ್ಲಿ ಅವಳು ಬಡಿಸುವಾಗ ಕಳ್ಳಗಣ್ಣಿನಲ್ಲಿ ಆ ಚೌಕವನ್ನು ನೋಡಿ ಬರೆದುಕೊಳ್ಳುತ್ತಿದ್ದ. ಯಾವಾಗಲೂ ಬದಲಾವಣೆ ಇಲ್ಲ. ಹೋಗಹೋಗುತ್ತ ನೋಡುವುದನ್ನೂ ಬಿಟ್ಟ.

ಕಾರ್ಖಾನೆಯ ಲ್ಯಾಬಿನಲ್ಲಿ ಬೂಷ್ಟು ಮೇಡಂ ಕಾಯುತ್ತಿದ್ದಳು. ಕ್ರೀಮಿಗೆ ಬೇಕೆಂದೇ ಕ್ರಿಮಿಗಳನ್ನು ಬಿಟ್ಟು, ಅವು ಸಾಯುತ್ತವೋ ಇಲ್ಲವೋ ಎಂದು ಏಳನೆಯ ದಿನ, ಹದಿನಾಲ್ಕನೆಯ ದಿನ, ಇಪ್ಪತ್ತೆಂಟನೆಯ ದಿನ ಎಣಿಸುವುದು ಅವಳ ಕೆಲಸ. ಅದಕ್ಕೇ ಆ ಹೆಸರು. ಅವಳಿಗೂ ಬೇಸರವಿಲ್ಲ, ಫೋನಿನಲ್ಲಿ ತಾನೇ ಬೂಷ್ಟು ಮಾತಾಡ್ತಿದೀನಿ ಅನ್ನುತ್ತಾಳೆ. ಇವತ್ತು ತಮಾಷೆ ಮಾಡಲಿಲ್ಲ. ಗಾಜಿನ ತಟ್ಟೆಯೊಂದನ್ನು ಅವನ ಮೂಗಿನ ಕೆಳಗೆ ಹಿಡಿದಳು. ಹದಿನಾಲ್ಕನೆಯ ದಿನ ಸತ್ತುಹೋಗಿದ್ದಂತೆ ಕಂಡದ್ದು ಈಗ ತಟ್ಟೆಯ ತುಂಬ ಹಸಿರು ಮಿಶ್ರಿತ ಲೋಳೆಯಾಗಿ ಹಬ್ಬಿತ್ತು. ಚಿಕ್ಕ ಯಜಮಾನರಿಗೆ ಬೆಳಿಗ್ಗೆಯೇ ಹೇಳಿದೆ ಸರ್, ಸಹಿ ಆಗಲಿ ಆಮೇಲೆ ನೋಡೋಣ ಅಂದರು, ಎಂದಳು.

ಸಕ್ಕರೆ ಪುಡಿಯ ತಪ್ಪೇ ಎಂದು ಕೇಳಿದ. ಹೊಸ ಕ್ರೀಮಿನ ಹೆಗ್ಗಳಿಕೆಯೇ ಆ ಪುಡಿ. ಎಣ್ಣೆಯನ್ನೂ ನೀರನ್ನೂ ಜಗಳವಾಡದಂತೆ ಕೂಡಿಸಿ ಕ್ರೀಮು ಮಾಡುವ ಎಮಲ್ಸಿಫೈಯರ್, ಸಕ್ಕರೆ ಮತ್ತು ಎಣ್ಣೆಯ ಆಮ್ಲ ಸೇರಿಸಿ ಮಾಡಿದ್ದು. ಅದರ ಸುರಕ್ಷತೆಯ ಬಗ್ಗೆ ಹನ್ನೆರಡು ಪುಟ ಬರೆದವನು ಅವನೇ. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. "ಪುಡಿ ಪಾಪದ್ದು ಸರ್," ಎಂದಳು ಅವಳು. "ಅದು ಯಾರಿಗೂ ಏನೂ ಮಾಡಲ್ಲ. ಆದ್ರೆ ಕ್ರೀಮು ಕೆಡಬಾರದು ಅಂತ ನಾವು ಹಾಕೋ ಮದ್ದನ್ನ ಅದು ತಬ್ಬಿಕೊಂಡು ಕೂತ್ಬಿಡುತ್ತೆ. ಮದ್ದು ಇದೆ, ಕೆಲಸಕ್ಕೆ ಸಿಗಲ್ಲ. ಡಬ್ಬಿ ಒಳಗೆ ಬೆರಳು ಹಾಕ್ದಾಗ ಏನು ಹೋಗುತ್ತೋ ಅದೆಲ್ಲ ಹಾಯಾಗಿ ಬೆಳೆಯುತ್ತೆ. ಕೈ ಗಟ್ಟಿ ಇದ್ದವ್ರಿಗೆ ಪರವಾಗಿಲ್ಲ. ಚರ್ಮ ಬಿರುಕು ಬಿಟ್ಟಿದ್ರೆ, ದಿನಾ ಪಾತ್ರೆ ಬಟ್ಟೆ ಅಂತ ನೀರಲ್ಲಿರೋ ಕೈ ಆದ್ರೆ..." ಅವಳು ಅಲ್ಲಿಗೇ ನಿಲ್ಲಿಸಿ ಅವನ ಎಡತೋಳಿನ ಕಡೆ ನೋಡಿದಳು. ನಿಮ್ಮ ಕೈ ಹೇಗಿದೆ ಎಂದು ಕೇಳಲಿಲ್ಲ. ಯಾಕೆ ಕೇಳಲಿಲ್ಲ ಎಂಬುದು ಅವನಿಗೆ ಅರ್ಧ ಗಂಟೆಯ ನಂತರ ತಿಳಿಯಿತು.

ಸಭೆಯ ಕೋಣೆಯಲ್ಲಿ ಏಳು ಜನರಿದ್ದರು. ಚಿಕ್ಕ ಯಜಮಾನ, ದೊಡ್ಡ ಯಜಮಾನರ ಮಗ, ಮೇಜಿನ ಮೇಲೆ ಒಂದು ಬಟ್ಟಲಿನಲ್ಲಿ ಆ ಬಿಳಿ ಪುಡಿಯನ್ನಿಟ್ಟುಕೊಂಡು ಕೂತಿದ್ದ. ಯಾರಾದರೂ ಹೊಸಬರು ಬಂದರೆ ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡು ತೋರಿಸುವುದು ಅವನಿಗೆ ಈಚಿನ ಖುಷಿ. ಮಾರಾಟದವರು ಅಂಗಡಿಗಳಿಗೆ ಸರಕು ಕೊಡುವ ಒಬ್ಬ ಸಗಟು ವ್ಯಾಪಾರಿಯನ್ನು ಕರೆತಂದಿದ್ದರು. ತಿನ್ನಬಹುದು ಕಣ್ರೀ ಇದನ್ನ, ಎಂದು ಯಜಮಾನ ನೆಕ್ಕಿದ. ನಾಲಿಗೆಯ ಮೇಲೆ ಬಿಳಿ ಪುಡಿ ಎಂಜಲಿನಲ್ಲಿ ಕರಗುತ್ತ ತೋಯ್ದ ಗೋಡೆಸುಣ್ಣದಂತಾಯಿತು. ಅದೇ ಬೆರಳನ್ನು ಮತ್ತೆ ಬಟ್ಟಲಿಗೆ ಅದ್ದಿದ. ವ್ಯಾಪಾರಿ ಬಾಯಿತುಂಬ ನಕ್ಕ. ಒಂಬತ್ತು ಸಾವಿರ ಡಬ್ಬಿ ಗೋದಾಮಿನಲ್ಲಿ ಲಾರಿಗೆ ಕಾಯುತ್ತಿವೆ ಎಂಬ ಮಾತು ಬಂತು. ಒಂಬತ್ತು ಸಾವಿರ ಚೌಕಗಳು ಸಹಿ ಸಾಹೇಬನ ಕಣ್ಣ ಮುಂದೆ ಬಂದವು, ಗಂಟುಗಂಟಾಗಿ, ಒದ್ದೆ ಬಟ್ಟೆಯ ಕೆಳಗೆ. ಹ್ಞಾಂ, ತೋರಿಸ್ರಿ ನಿಮ್ಮ ಕೈ, ಎಂದರು ಯಾರೋ. ಫೋಟೋದವನು ಎದ್ದು ನಿಂತ.

ಅವನು ಗುಂಡಿ ಬಿಚ್ಚಿ ತೋಳು ಮಡಚಿದ. ಒಂದು ಮಡಿಕೆ, ಎರಡು, ಮೂರು. ಒಣಗಿ ಬೂದಿ ಬಣ್ಣಕ್ಕೆ ತಿರುಗಿದ, ಉಗುರಿನಿಂದ ಗೀರಿದರೆ ಬಿಳಿ ಗೆರೆ ಏಳುವ ಕೈ. ನಲವತ್ತೈದು ವರ್ಷ ಯಾರೂ ಪ್ರೀತಿಯಿಂದ ಸವರದ ಕೈ ಎನ್ನಬೇಕು, ಸವರಲು ಬಂದವಳನ್ನು ಅವನೇ ವಾಂತಿ ಮಾಡಿ ಓಡಿಸಿದ್ದ. ಮೇಜಿನ ಮೇಲೆ ಆ ಕೈಯನ್ನು ಅಂಗಾತ ಇಟ್ಟಾಗ ಅವನಿಗೆ ಹೇಸಿಗೆಯಾಯಿತು. ಬೆಳಿಗ್ಗೆ ಕೀವು ನೋಡಿದಾಗ ಆದದ್ದಕ್ಕಿಂತ ಹೆಚ್ಚು. ಇಷ್ಟು ಶುದ್ಧವಾಗಿರಲು ಈ ಕೈಗೆ ನಾಚಿಕೆಯಾದರೂ ಬೇಡವೇ. ಕ್ಯಾಮೆರಾ ಮೇಲೇರಿತು. ಆಗ ಅವನು ಮಾತಾಡಿದ. ಈ ಕೈಗೆ ನಾನು ಕ್ರೀಮು ಹಚ್ಚಿಲ್ಲ ಎಂದ. ಯಾವತ್ತೂ ಹಚ್ಚಿಲ್ಲ, ಹನ್ನೊಂದು ವರ್ಷದಿಂದಲೂ ಇಲ್ಲ, ಎಂದ. ಆಕಾಶ ತಲೆಯ ಮೇಲೆ ಬೀಳುತ್ತದೆಂದು ಕಣ್ಣು ಮುಚ್ಚಿಕೊಂಡ.

ಏನೂ ಬೀಳಲಿಲ್ಲ. ಕಣ್ಣು ಬಿಟ್ಟಾಗ ವ್ಯಾಪಾರಿಯೊಬ್ಬನೇ ಪಿಳಿಪಿಳಿ ನೋಡುತ್ತಿದ್ದ. ಉಳಿದವರು ತಮ್ಮ ತಮ್ಮ ಉಗುರು ನೋಡಿಕೊಳ್ಳುತ್ತಿದ್ದರು. ಬೂಷ್ಟು ಮೇಡಂ ತಲೆ ತಗ್ಗಿಸಿದ್ದಳು.

"ಹನ್ನೊಂದು ವರ್ಷ ಕ್ರೀಮು ಕಂಡ ಕೈ ಹೀಗಿರುತ್ತೇನ್ರೀ?" ಎಂದ ಚಿಕ್ಕ ಯಜಮಾನ, ಬೇಸರವಿಲ್ಲದೆ. "ಮೊಸಳೆ ಚರ್ಮ ಇದ್ದ ಹಾಗಿದೆ. ನಮ್ಗೆಲ್ಲ ಗೊತ್ತು. ಅಪ್ಪಾಜಿಗೂ ಗೊತ್ತಿತ್ತು. ನಿಮ್ಮ ಕೈನೇ ಸರಿ ಅಂತ ಇಟ್ಕೊಂಡಿದ್ದು, ಫೋಟೋದಲ್ಲಿ ಯಾವತ್ತೂ ಏನೂ ಬರಲ್ಲ."

ಯಾರೋ ಕಿಸಕ್ಕೆಂದರು. ಹನ್ನೊಂದು ವರ್ಷ ಎದೆಯಲ್ಲಿ ಕಲ್ಲಿನಂತೆ ಹೊತ್ತುಕೊಂಡಿದ್ದ ಗುಟ್ಟು ಕ್ಯಾಂಟೀನಿನ ಹರಟೆಯಾಗಿತ್ತು. ತಪ್ಪು ಒಪ್ಪಿಕೊಳ್ಳುವ ದೊಡ್ಡಸ್ತಿಕೆಯೂ ಅವನ ಪಾಲಿಗೆ ಉಳಿಯಲಿಲ್ಲ. ಇನ್ನುಳಿದದ್ದು ಒಂದೇ. ಅವನು ಅದನ್ನೂ ಹೇಳಿದ. ಹಚ್ಚಿಕೊಂಡವಳು ನನ್ನ ಹೆಂಡತಿ, ಅವಳಿಗೆ ಗೊತ್ತಿಲ್ಲ, ಅವಳ ಕೈ ಕೀವು ಸುರಿಯುತ್ತಿದೆ ಎಂದ. ಹೇಳುವಾಗಲೇ ಗೊತ್ತಾಯಿತು, ಅವಳ ಕೈಯನ್ನು ಅವನು ಮತ್ತೊಮ್ಮೆ ಅವಳನ್ನು ಕೇಳದೆ ಮೇಜಿನ ಮೇಲೆ ಇಡುತ್ತಿದ್ದಾನೆ. ಈ ಸಲ ಯಾರೂ ನಗಲಿಲ್ಲ. ವ್ಯಾಪಾರಿ ತನ್ನ ಕೈಗೆ ಮಾದರಿಯೆಂದು ಹಚ್ಚಿದ್ದ ಕ್ರೀಮನ್ನು ಕರವಸ್ತ್ರದಿಂದ ಒರೆಸಿಕೊಂಡ. ಯಜಮಾನ ನಿಧಾನವಾಗಿ ಕೇಳಿದ: ಕಡತದಲ್ಲಿ ನಿಮ್ಮ ಹೆಂಡತಿ ಎಲ್ಲಿದ್ದಾರೆ? ಡಾಕ್ಟರು ಏನಂದರು? ಪಾತ್ರೆ ಸೋಪು ಅಂದರೇ? ಚೀಟಿಯಲ್ಲಿ ಹಾಗೇ ಇದೆಯೇ? ಮತ್ತಿನ್ನೇನು. ಬೂಷ್ಟು ಮೇಡಂ ಬಾಯಿ ತೆರೆದಳು. ತಟ್ಟೆಯಲ್ಲಿ ಬೆಳೆದದ್ದು ನಿಮ್ಮ ಲ್ಯಾಬಿನ ಕೊಳಕಿನಿಂದಲೂ ಇರಬಹುದಲ್ಲ, ಎಂದು ಅವಳ ಬಾಯಿ ಮುಚ್ಚಿಸಿದ.

"ನಾಳೆ ಹನ್ನೊಂದಕ್ಕೆ ಅವರನ್ನ ಕರ್ಕೊಂಡ್ ಬನ್ನಿ," ಎಂದ ಕೊನೆಗೆ. "ಇಲ್ಲೇ ಎಲ್ಲರ ಮುಂದೆ ಕೈ ತೋರಿಸ್ಲಿ, ದಿನದ ಲೆಕ್ಕ ಹೇಳ್ಲಿ. ಲಾರಿ ನಿಲ್ಲಿಸ್ತೀನಿ. ಇಲ್ಲಾಂದ್ರೆ ನೀವು ಸಹಿ ಹಾಕ್ತೀರಿ."

ಕರೆತರುವುದಿಲ್ಲವೆಂದು ಯಜಮಾನನಿಗೆ ಖಾತ್ರಿಯಿತ್ತು. ಸ್ವಂತ ಗಂಡನಿಂದ ಹದಿನಾರು ದಿನ ಮುಚ್ಚಿಟ್ಟುಕೊಂಡವಳು ಏಳು ಜನರ ಮುಂದೆ ಬರುತ್ತಾಳೆಯೇ. ಬರಬೇಕೆಂದು ಕೇಳುವ ಮುಖವಾದರೂ ಇವನಿಗಿದೆಯೇ.

ಅವನು ಮಧ್ಯಾಹ್ನವೇ ಮನೆಗೆ ಬಂದ. ಅವಳು ಅಡುಗೆಮನೆಯ ಶೆಲ್ಫು ಒರೆಸುತ್ತಿದ್ದಳು. ಶೆಲ್ಫಿನ ಮೇಲೆ ಸಾಲಾಗಿ ಮೂವತ್ತು ಖಾಲಿ ಡಬ್ಬಿ, ತೊಳೆದು ಒಣಗಿಸಿದ್ದು. ಒಂದರಲ್ಲಿ ಗುಂಡಿ, ಒಂದರಲ್ಲಿ ಮೆಣಸು, ಒಂದರಲ್ಲಿ ಸೂಜಿ ದಾರ, ಒಂದರಲ್ಲಿ ಅವನ ತಲೆನೋವಿನ ಮಾತ್ರೆ. ಇವನ್ನು ಅವನು ದಿನವೂ ನೋಡುತ್ತಿದ್ದ, ಎಣಿಸಿರಲಿಲ್ಲ. ಮೂವತ್ತೊಂದನೆಯದು ಸಿಂಕಿನ ಪಕ್ಕ ಮುಚ್ಚಳ ತೆರೆದು ಕೂತಿತ್ತು. ಅವನು ಅದನ್ನು ಮುಚ್ಚಿ, ನೀರು ಕುಡಿದು, ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ಹೇಳಿದ. ಪದ್ಧತಿ, ಪುಸ್ತಕ, ಮೂವತ್ತು ಫೋಟೋ, ಸಕ್ಕರೆ ಪುಡಿ, ಹಸಿರು ತಟ್ಟೆ, ಬೆಳಿಗ್ಗೆ ನಕ್ಕವರು, ನಾಳೆ ಹನ್ನೊಂದು ಗಂಟೆ. ಬೈಯುತ್ತಾಳೆ, ಅಳುತ್ತಾಳೆ, ಇಲ್ಲವೇ ಕೈಯ ಬಗ್ಗೆ ಹೆದರಿ ಕೇಳುತ್ತಾಳೆ ಎಂದುಕೊಂಡಿದ್ದ. ಅವಳು ಒರೆಸುವ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಕಟ್ಟೆಯ ಮೇಲಿಟ್ಟಳು. ಶೆಲ್ಫಿನ ಕಡೆ ನೋಡಿದಳು, ಈ ತುದಿಯಿಂದ ಆ ತುದಿಗೆ.

"ಹಾಗಾದ್ರೆ ಇವು ಒಂದೂ ನಂಗೆ ಅಂತ ತಂದಿದ್ದಲ್ಲ."

ಎಡಗೈ ನನ್ನದು ಅಂದಿದ್ದಿರಿ ಎಂದು, ದೂರುವಂತಲ್ಲ, ನೆನಪು ಮಾಡಿಕೊಳ್ಳುವಂತೆ ಹೇಳಿಕೊಂಡಳು. ಆಮೇಲೆ ಸ್ಟೂಲಿನ ಎದುರು ಕುರ್ಚಿ ಎಳೆದು ಕೂತು ತೋಳು ಮೇಲೆ ಮಾಡಿದಳು. ಬಟ್ಟೆಯ ಎಳೆ ಹುಣ್ಣಿಗೆ ಅಂಟಿಕೊಂಡು ಬಂದಾಗ ಒಂದು ಸಲ ಹಲ್ಲು ಕಚ್ಚಿದಳು. ಪುಸ್ತಕ ತೆಗೀರಿ ಎಂದಳು. ಅವನು ತೆಗೆದ. ಹನ್ನೆರಡನೆಯ ದಿನ ನವೆ ಶುರುವಾಯಿತು, ಬರೆದುಕೊಳ್ಳಿ ಎಂದಳು. ಹದಿಮೂರು, ಕೆಂಪು. ಹದಿನೈದು, ಸಂಜೆ ಮೂರು ಗುಳ್ಳೆ. ಹದಿನೆಂಟು, ಒಂದು ಒಡೆಯಿತು, ನೀವು ಅವತ್ತು ಊಟ ಚೆನ್ನಾಗಿದೆ ಅಂದಿರಿ, ಅದು ಬೇಡ, ಅದನ್ನು ಬರೆಯಬೇಡಿ. ಒಂದೊಂದು ದಿನವೂ ಅವಳಿಗೆ ನೆನಪಿತ್ತು. ಅವನು ಹದಿನೇಳು ಕಡೆ ಬದಲಾವಣೆ ಇಲ್ಲ ಎಂಬುದನ್ನು ಹೊಡೆದುಹಾಕಿ ಪಕ್ಕದಲ್ಲಿ ಅವಳು ಹೇಳಿದ್ದನ್ನು ಬರೆದ. ಕೊನೆಯ ಸಾಲಿಗೆ ಅಳತೆ ಬೇಕಿತ್ತು. ಅಳತೆಪಟ್ಟಿ ಇಡಲು ಅವಳ ಮಣಿಕಟ್ಟು ಹಿಡಿಯಬೇಕಿತ್ತು. ಹಿಡಿದ. ಬೆಚ್ಚಗೆ, ಜಿಡ್ಡಾಗಿ, ಅಂಟಂಟಾಗಿತ್ತು. ಬಾಯಲ್ಲಿ ನೀರು ಊರಿ ಹೊಟ್ಟೆ ಕಿವುಚಿಕೊಂಡು ಮೇಲೆದ್ದಿತು. ನುಂಗಿಕೊಂಡ. ಬಿಡಲಿಲ್ಲ. ಅವನ ಒಣಗಿದ ಹೆಬ್ಬೆರಳಿನ ಮೇಲೆ ಹಳದಿ ನೀರಿನ ಒಂದು ಹನಿ ಇಳಿಯಿತು. ಬರೆದು ಮುಗಿಸುವವರೆಗೆ ಅದು ಅಲ್ಲೇ ಇತ್ತು.

ಅವಳು ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಬರೆದದ್ದನ್ನು ತಾನೇ ಒಮ್ಮೆ ಓದಿ, ಪುಸ್ತಕ ಮುಚ್ಚಿದಳು. ನಾಳೆ ಎಷ್ಟು ಗಂಟೆಯ ಬಸ್ಸು ಎಂದು ಕೇಳಿದಳು. ಹತ್ತಕ್ಕೆ ಎಂದ. ದಾರಿಯಲ್ಲಿ ಡಾಕ್ಟರಿಗೂ ನಿಜ ಹೇಳಬೇಕು, ಚೀಟಿ ಬದಲಾಯಿಸಿಕೊಳ್ಳಬೇಕು ಎಂದಳು. ಹಾಗಾದರೆ ಒಂಬತ್ತಕ್ಕೇ ಹೊರಡೋಣ ಎಂದ.

"ಅರ್ಧ ತೋಳಿಂದು ಹಾಕ್ಕೋತೀನಿ," ಎಂದಳು ಅವಳು, ಶೆಲ್ಫಿನಿಂದ ಒಂದೊಂದೇ ಡಬ್ಬಿ ಕೆಳಗಿಳಿಸುತ್ತ. "ಅಲ್ಲಿ ಮಡಚೋದು ತಪ್ಪುತ್ತೆ. ನೀವು ಏಳಿ, ಕೈ ತೊಳ್ಕೊಳ್ಳಿ. ಪಾಪ, ಅಸಹ್ಯ ಆಗಿರುತ್ತೆ ನಿಮ್ಗೆ."